ಕಡಿಮೆ ಗದ್ದಲದ ಆರ್‌ಎಫ್ ಆ್ಯಂಪ್ಲಿಫೈಯರ್ ಚಿಪ್: ಹುಬ್ಬಳ್ಳಿ–ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ರೇಡಿಯೊ ಹವ್ಯಾಸಿಗಳು ಸುತ್ತಿ ಬಳಸಿ ಕೇಳುವ ಪ್ರಶ್ನೆಗಳು ಇವೇ. ಬಹಳಷ್ಟು ಜನರ ಬಳಿ ಇರುವುದು ಒಂದು ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್), ಮಾಳಿಗೆಯ ಮೇಲೊಂದು ಆಂಟೆನಾ, ಎರಡರ ನಡುವೆ ಸಿಕ್ಕಿದ ಕೇಬಲ್. ಅದನ್ನೇ ಲೆಕ್ಕದಲ್ಲಿಟ್ಟುಕೊಂಡು ಉತ್ತರಿಸಲಾಗಿದೆ. ತನ್ನ ಗದ್ದಲ (ನಾಯ್ಸ್) ಹೆಚ್ಚು ಸೇರಿಸದೆ ದುರ್ಬಲ ಸಂಕೇತವನ್ನು ದೊಡ್ಡದು ಮಾಡುವ ಕಡಿಮೆ ಗದ್ದಲದ ಆ್ಯಂಪ್ಲಿಫೈಯರನ್ನು ಎಲ್ಲರೂ ಕರೆಯುವಂತೆ ಇಲ್ಲಿಯೂ ಎಲ್‌ಎನ್‌ಎ ಎಂದೇ ಕರೆದಿದೆ.

ನನಗೆ ಎಲ್‌ಎನ್‌ಎ ನಿಜವಾಗಿಯೂ ಬೇಕೇ?

ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಡಾಂಗಲ್‌ನ ಸ್ವಯಂಚಾಲಿತ ಗೇನ್ (ವರ್ಧನೆ) ಬಂದ್ ಮಾಡಿ, ಗೇನನ್ನು ಒಂದು ಕಡೆ ನಿಲ್ಲಿಸಿ. ಆಂಟೆನಾ ಕೇಬಲ್ ಕಳಚಿ 50 ಓಮ್ ಟರ್ಮಿನೇಟರ್ ಹಾಕಿ, ಪರದೆಯ ಮೇಲೆ ಗದ್ದಲದ ಮಟ್ಟ ಎಲ್ಲಿದೆ ನೋಡಿ. ಈಗ ಆಂಟೆನಾ ಮತ್ತೆ ಜೋಡಿಸಿ. ಬೇರೆ ಸಂಕೇತಗಳಿಲ್ಲದ ಖಾಲಿ ಜಾಗದಲ್ಲಿ ಮಟ್ಟ ಐದಾರು ಡಿಬಿ ಮೇಲೇರಿದರೆ, ನಿಮ್ಮ ರಿಸೀವರಿನ ಗದ್ದಲಕ್ಕಿಂತ ಹೊರಗಿನ ಗದ್ದಲವೇ ಜಾಸ್ತಿ ಎಂದರ್ಥ. ಆ ಆವರ್ತನದಲ್ಲಿ ಎಲ್‌ಎನ್‌ಎ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಂಕೇತದ ಜೊತೆಗೆ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ. ಮಟ್ಟ ಅಲುಗಾಡದಿದ್ದರೆ ಮಾತ್ರ ಎಲ್‌ಎನ್‌ಎಗೆ ಕೆಲಸವಿದೆ.

30 ಮೆಗಾಹರ್ಟ್ಸ್ ಒಳಗಿನ ಶಾರ್ಟ್‌ವೇವ್‌ನಲ್ಲಿ ಈ ಪರೀಕ್ಷೆ ಬಹುಮಟ್ಟಿಗೆ "ಬೇಡ" ಎಂದೇ ಹೇಳುತ್ತದೆ. ಪಕ್ಕದ ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್, ಹೊಲದ ಸೌರ ಪಂಪಿನ ಕಂಟ್ರೋಲರ್ ಎಲ್ಲವೂ ಅಲ್ಲಿ ಗದ್ದಲ ಸುರಿಯುತ್ತವೆ. 1 ಗಿಗಾಹರ್ಟ್ಸ್ ದಾಟಿದ ಮೇಲೆ ಆಕಾಶ ಶಾಂತವಾಗಿದೆ. ವಿಮಾನಗಳ 1090 ಮೆಗಾಹರ್ಟ್ಸ್ ಎಡಿಎಸ್‌-ಬಿ ಸಂಕೇತ, ಆಕಾಶಗಂಗೆಯ ಜಲಜನಕ ಹೊಮ್ಮಿಸುವ 1420.4 ಮೆಗಾಹರ್ಟ್ಸ್ ರೇಖೆ, 1.7 ಗಿಗಾಹರ್ಟ್ಸ್ ಆಸುಪಾಸಿನ ಹವಾಮಾನ ಉಪಗ್ರಹಗಳು: ಇವುಗಳಿಗೆ ಎಲ್‌ಎನ್‌ಎ ಬೇಕೇ ಬೇಕು.

0.5 ಡಿಬಿ ನಾಯ್ಸ್ ಫಿಗರ್ ಇರುವ ಚಿಪ್‌ಗೆ 1 ಡಿಬಿ ಚಿಪ್‌ಗಿಂತ ಹೆಚ್ಚು ಬೆಲೆ. ಕೊಡಬೇಕೇ?

ನಾಯ್ಸ್ ಫಿಗರ್ ಎಂದರೆ ಚಿಪ್ ತಾನೇ ಸೇರಿಸುವ ಗದ್ದಲದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಹೆಚ್ಚು ಬೆಲೆ ಕೊಡಬೇಕೇ ಎಂಬುದು ಯಾವ ಆವರ್ತನ ಎಂಬುದರ ಮೇಲೆ ನಿಂತಿದೆ. ಡಿಬಿಯಲ್ಲಿ ಯೋಚಿಸುವುದನ್ನು ಬಿಟ್ಟು ಕೆಲ್ವಿನ್‌ನಲ್ಲಿ ಯೋಚಿಸಿದರೆ ಇದು ಕೂಡಲೇ ಸ್ಪಷ್ಟವಾಗುತ್ತದೆ. 0.5 ಡಿಬಿ ಎಂದರೆ ಸುಮಾರು 35 ಕೆಲ್ವಿನ್ ಗದ್ದಲ, 1 ಡಿಬಿ ಎಂದರೆ ಸುಮಾರು 75 ಕೆಲ್ವಿನ್. ವ್ಯತ್ಯಾಸ 40 ಕೆಲ್ವಿನ್.

ನೀವು 137 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹ ಕೇಳುತ್ತಿದ್ದೀರಿ, ಆಂಟೆನಾ ಆಕಾಶದಿಂದ 500 ಕೆಲ್ವಿನ್‌ನಷ್ಟು ಗದ್ದಲ ತರುತ್ತಿದೆ ಎಂದುಕೊಳ್ಳಿ. ಒಟ್ಟು 535 ಮತ್ತು 575 ನಡುವಿನ ವ್ಯತ್ಯಾಸ 0.3 ಡಿಬಿ. ಕಿವಿಗೂ ಕಾಣದು, ಚಿತ್ರದಲ್ಲೂ ಕಾಣದು. ಊರೊಳಗಿನ ಗದ್ದಲ ಸೇರಿದರೆ ಅಷ್ಟೂ ಉಳಿಯುವುದಿಲ್ಲ. ಅದೇ 1420 ಮೆಗಾಹರ್ಟ್ಸ್‌ನಲ್ಲಿ ಒಳ್ಳೆಯ ಹಾರ್ನ್ ಆಂಟೆನಾ ಆಕಾಶಕ್ಕೆ ಮುಖ ಮಾಡಿದಾಗ 30 ಕೆಲ್ವಿನ್ ತರುತ್ತದೆ ಎಂದಿಟ್ಟುಕೊಂಡರೆ, ಒಟ್ಟು 65 ಮತ್ತು 105. ಈಗ ವ್ಯತ್ಯಾಸ 2 ಡಿಬಿಗೂ ತುಸು ಹೆಚ್ಚು. ಅಲ್ಲಿ ಕೊಟ್ಟ ದುಡ್ಡಿಗೆ ಬೆಲೆಯಿದೆ.

ಹಾಗಾಗಿ ಡೇಟಾಶೀಟ್‌ನ ಮೊದಲ ಪುಟದ ದಪ್ಪಕ್ಷರದ ಸಂಖ್ಯೆಗೆ ಮರುಳಾಗಬೇಡಿ. ಆ ಸಂಖ್ಯೆ ಯಾವ ಆವರ್ತನದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಒಳಪುಟದ ಗ್ರಾಫಿನಲ್ಲಿ ನಿಮ್ಮ ಆವರ್ತನ ಹುಡುಕಿ ಅಲ್ಲಿನ ಮೌಲ್ಯ ಓದಿ.

ಎಲ್‌ಎನ್‌ಎ ಡಾಂಗಲ್ ಪಕ್ಕದಲ್ಲೇ ಇಟ್ಟರೆ ಆಗದೇ? ಮಾಳಿಗೆ ಹತ್ತುವುದು ಕಷ್ಟ.

ಆಗುವುದಿಲ್ಲ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಆಂಟೆನಾದಿಂದ ಡಾಂಗಲ್‌ವರೆಗಿನ ಸರಪಳಿಯ ಒಟ್ಟು ಗದ್ದಲವನ್ನು ಫ್ರೀಸ್ ಸೂತ್ರ ಹೇಳುತ್ತದೆ: ಮೊದಲ ಹಂತದ ಗದ್ದಲ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ, ಎರಡನೆಯದು ಮೊದಲನೆಯದರ ಗೇನ್‌ನಿಂದ ಭಾಗವಾಗಿ ಬರುತ್ತದೆ. ಕೇಬಲ್ ಮೊದಲು ಬಂದರೆ ಅದರ ನಷ್ಟವೇ ಮೊದಲ ಹಂತದ ನಾಯ್ಸ್ ಫಿಗರ್.

ಲೆಕ್ಕ ಹಾಕೋಣ. ಡಾಂಗಲ್‌ನ ನಾಯ್ಸ್ ಫಿಗರ್ 6 ಡಿಬಿ, ಮಾಳಿಗೆಯಿಂದ ಕೋಣೆಗೆ ಆರು ಮೀಟರ್ ಆರ್‌ಜಿ-58 ಕೇಬಲ್. 1 ಗಿಗಾಹರ್ಟ್ಸ್ ಹತ್ತಿರ ಆ ಕೇಬಲ್ ಮೀಟರಿಗೆ ಸುಮಾರು 0.65 ಡಿಬಿ ತಿನ್ನುತ್ತದೆ, ಅಂದರೆ ಒಟ್ಟು 4 ಡಿಬಿ. ಎಲ್‌ಎನ್‌ಎ ಇಲ್ಲದೆ ನಾಯ್ಸ್ ಫಿಗರ್ 10 ಡಿಬಿ. ಈಗ 0.8 ಡಿಬಿ ನಾಯ್ಸ್ ಫಿಗರ್, 18 ಡಿಬಿ ಗೇನ್ ಇರುವ ಎಲ್‌ಎನ್‌ಎ ತಂದಿರಿ. ಆಂಟೆನಾ ಬುಡದಲ್ಲಿ ಇಟ್ಟರೆ ಒಟ್ಟು 1.3 ಡಿಬಿ. ಡಾಂಗಲ್ ಪಕ್ಕ ಇಟ್ಟರೆ ಸುಮಾರು 5 ಡಿಬಿ. ಅದೇ ಚಿಪ್, ಅದೇ ದುಡ್ಡು. ಕೆಳಗೆ ಕೂತು 0.5 ಡಿಬಿಯ ದುಬಾರಿ ಚಿಪ್ ತರಿಸಿದರೂ ನಿಮಗೆ ದಕ್ಕುವುದು 4.7 ಡಿಬಿ ಅಷ್ಟೇ. ಚಿಪ್‌ ಬದಲಿಸುವುದಕ್ಕಿಂತ ಏಣಿ ಹತ್ತುವುದು ಅಗ್ಗ.

ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಕೇಬಲ್ 75 ಓಮ್‌ನದು. ಅದನ್ನು ಬಳಸಿದರೆ ಹಾಳಾಗುತ್ತದೆಯೇ?

ಧಾರಾಳವಾಗಿ ಬಳಸಿ. 50 ಮತ್ತು 75 ಓಮ್ ಹೊಂದಿಕೆಯಾಗದೆ ಒಂದು ಜೋಡಣೆಯಲ್ಲಿ ಕಳೆದುಹೋಗುವುದು 0.18 ಡಿಬಿ. ಆರ್‌ಜಿ-6 ಕೇಬಲ್ 1 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ 0.2 ಡಿಬಿಯಷ್ಟೇ ತಿನ್ನುತ್ತದೆ, ಆರ್‌ಜಿ-58ರ ಮೂರನೇ ಒಂದು ಪಾಲು. ಹುಬ್ಬಳ್ಳಿಯ ಯಾವ ಟಿವಿ ರಿಪೇರಿ ಅಂಗಡಿಯಲ್ಲಾದರೂ ಸಿಗುತ್ತದೆ, ಎಫ್ ಕನೆಕ್ಟರನ್ನು ಅವರೇ ಹಾಕಿಕೊಡುತ್ತಾರೆ. ತೆಳ್ಳಗಿನ ಆರ್‌ಜಿ-174 ಕೇಬಲ್‌ಗಿಂತ ಎಷ್ಟೋ ವಾಸಿ.

ಹೆಚ್ಚು ಗೇನ್ ಇದ್ದಷ್ಟೂ ಒಳ್ಳೆಯದಲ್ಲವೇ? ಎರಡು ಎಲ್‌ಎನ್‌ಎ ಸರಣಿಯಲ್ಲಿ ಹಾಕಲೇ?

ಎಲ್‌ಎನ್‌ಎಯ ಗೇನ್, ಅದರ ಹಿಂದೆ ಬರುವ ಕೇಬಲ್ ನಷ್ಟ ಮತ್ತು ಡಾಂಗಲ್‌ ಗದ್ದಲವನ್ನು ಮುಳುಗಿಸುವಷ್ಟಿದ್ದರೆ ಸಾಕು. ಮೇಲಿನ ಉದಾಹರಣೆಯಲ್ಲಿ 18 ಡಿಬಿಯೇ ಆ ಕೆಲಸವನ್ನು ಬಹುಪಾಲು ಮುಗಿಸಿತು. ಅದಕ್ಕಿಂತ ಹೆಚ್ಚಿನ ಪ್ರತಿ ಡಿಬಿಯೂ ಡಾಂಗಲ್‌ನ ಸಹನೆಯನ್ನು ತಿನ್ನುತ್ತದೆ. ಸಾಮಾನ್ಯ ಆರ್‌ಟಿಎಲ್ ಡಾಂಗಲ್‌ನ ಒಳಗಿರುವುದು 8 ಬಿಟ್ ಪರಿವರ್ತಕ. ದುರ್ಬಲ ಸಂಕೇತವನ್ನು ಎತ್ತಲು ಹೋಗಿ ಪಕ್ಕದ ಬಲಿಷ್ಠ ಸಂಕೇತವನ್ನೂ ಎತ್ತಿದರೆ ಅದು ತುಂಬಿ ಚೆಲ್ಲುತ್ತದೆ. ಪರದೆಯ ತುಂಬ ಇಲ್ಲದ ಸಂಕೇತಗಳು ಮೂಡುತ್ತವೆ, ಗದ್ದಲದ ಮಟ್ಟ ಒಮ್ಮೆಲೇ ಏರುತ್ತದೆ. ನೋಡಿದವರು "ಆಹಾ, ಎಷ್ಟೊಂದು ಸಿಗ್ನಲ್!" ಎನ್ನುತ್ತಾರೆ. ಅದರಲ್ಲಿ ಅರ್ಧ ಸುಳ್ಳು.

ಎರಡು ಹಂತ ಬೇಕಾಗುವುದು ಕೇಬಲ್ ಬಹಳ ಉದ್ದವಿದ್ದಾಗ ಅಥವಾ ನಡುವೆ ಫಿಲ್ಟರ್ ಹಾಕುವಾಗ. ಆಗ ಎರಡರ ನಡುವೆ 3 ಡಿಬಿ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ಬಿಡಿಭಾಗ) ಇಟ್ಟರೆ ಆಂದೋಲನದ, ಅಂದರೆ ಆ್ಯಂಪ್ಲಿಫೈಯರ್ ತಾನೇ ಸಂಕೇತ ಹುಟ್ಟಿಸುವ, ಕಾಟ ಕಡಿಮೆ.

ಹುಬ್ಬಳ್ಳಿಯ ನಡುವೆ ನಮ್ಮ ಮನೆ, ಎದುರಿನ ಕಟ್ಟಡದ ಮೇಲೆ ಮೊಬೈಲ್ ಟವರ್. ಎಲ್‌ಎನ್‌ಎ ಹಾಕಿದ ಮೇಲೆ ಮೊದಲಿಗಿಂತ ಕಡಿಮೆ ವಿಮಾನಗಳು ಕಾಣುತ್ತಿವೆ. ಯಾಕೆ?

ಊರೊಳಗಿನ ಬಹುತೇಕ ದೂರುಗಳ ಮೂಲ ಇದೇ. ನಿಮ್ಮ ಚಿಪ್ 50 ಮೆಗಾಹರ್ಟ್ಸ್‌ನಿಂದ 4 ಗಿಗಾಹರ್ಟ್ಸ್‌ವರೆಗೆ ಬಾಗಿಲು ತೆರೆದಿಟ್ಟಿದೆ. 1090 ಮೆಗಾಹರ್ಟ್ಸ್‌ಗೆ ಹತ್ತಿರದಲ್ಲೇ 925ರಿಂದ 960 ಮೆಗಾಹರ್ಟ್ಸ್‌ವರೆಗೆ ಮೊಬೈಲ್ ಟವರು ಮಾತಾಡುತ್ತಿದೆ. ಅದರ ಜೊತೆಗೆ 1800, 2100 ಮೆಗಾಹರ್ಟ್ಸ್ ಪಟ್ಟಿಗಳು, ಕೆಳಗೆ ಎಫ್‌ಎಂ. ಎಲ್ಲವೂ ಒಟ್ಟಿಗೆ ನುಗ್ಗುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಈ ಬಗೆಯ ಚಿಪ್‌ಗಳ ಗೇನ್ ಸಮತಟ್ಟಾಗಿಲ್ಲ, ಆವರ್ತನ ಏರಿದಂತೆ ಇಳಿಯುತ್ತದೆ. ಪಿಜಿಎ-103+ ಚಿಪ್ 50 ಮೆಗಾಹರ್ಟ್ಸ್‌ನಲ್ಲಿ ಸುಮಾರು 26 ಡಿಬಿ ಕೊಟ್ಟರೆ 2 ಗಿಗಾಹರ್ಟ್ಸ್‌ನಲ್ಲಿ 11 ಡಿಬಿ. ಅಂದರೆ ನಿಮಗೆ ಬೇಡದ ಎಫ್‌ಎಂ ಕೇಂದ್ರಕ್ಕೆ ರಾಜೋಪಚಾರ, ಬೇಕಾದ ಉಪಗ್ರಹಕ್ಕೆ ಉಳಿದದ್ದು.

ಇಂತಹ ಕಡೆ ನೋಡಬೇಕಾದ ಸಂಖ್ಯೆ ನಾಯ್ಸ್ ಫಿಗರ್ ಅಲ್ಲ, ಐಪಿ3: ಬಲಿಷ್ಠ ಸಂಕೇತಗಳು ಬಂದಾಗ ಚಿಪ್ ಸುಳ್ಳು ಸಂಕೇತ ಹುಟ್ಟಿಸದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಡೇಟಾಶೀಟ್‌ನಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಕಡೆಯ ಐಪಿ3 ಕೊಟ್ಟಿರುತ್ತಾರೆ, ಅದರಿಂದ ಗೇನ್ ಕಳೆದರೆ ಇನ್‌ಪುಟ್ ಕಡೆಯದು ಸಿಗುತ್ತದೆ. ಔಟ್‌ಪುಟ್ ಐಪಿ3 ಸುಮಾರು 39 ಡಿಬಿಎಂ, ಗೇನ್ 19 ಡಿಬಿ ಇದ್ದರೆ ಇನ್‌ಪುಟ್ ಐಪಿ3 20 ಡಿಬಿಎಂ. ಟವರಿನ ಎರಡು ಸಂಕೇತಗಳು ತಲಾ ಮೈನಸ್ 20 ಡಿಬಿಎಂ ಮಟ್ಟದಲ್ಲಿ ಬಂದರೂ ಅವು ಚಿಪ್‌ನೊಳಗೆ ಹುಟ್ಟಿಸುವ ಸುಳ್ಳು ಸಂಕೇತ ಮೈನಸ್ 100 ಡಿಬಿಎಂ. ಚಿಪ್ ಗಟ್ಟಿಮುಟ್ಟಾಗಿದೆ. ಒದ್ದಾಡುವುದು ಡಾಂಗಲ್. 19 ಡಿಬಿ ಹೆಚ್ಚಾದ ಟವರಿನ ಸಂಕೇತ ಅದರ ತಲೆಯ ಮೇಲೆ ಬೀಳುತ್ತದೆ.

ಪರಿಹಾರ ಫಿಲ್ಟರ್. 1090 ಮೆಗಾಹರ್ಟ್ಸ್‌ನ ಸಾ (SAW) ಫಿಲ್ಟರ್ ಬೇಕಾದ ಪಟ್ಟಿಯನ್ನಷ್ಟೇ ಒಳಗೆ ಬಿಡುತ್ತದೆ, ಆದರೆ ಒಂದೆರಡು ಡಿಬಿ ನಷ್ಟ ಮಾಡುತ್ತದೆ. ಅದನ್ನು ಎಲ್‌ಎನ್‌ಎ ಮುಂದೆ ಹಾಕಿದರೆ ಆ ನಷ್ಟ ನೇರವಾಗಿ ನಾಯ್ಸ್ ಫಿಗರ್‌ಗೆ ಸೇರುತ್ತದೆ. ಹಿಂದೆ, ಅಂದರೆ ಎಲ್‌ಎನ್‌ಎ ಮತ್ತು ಕೇಬಲ್ ನಡುವೆ ಹಾಕಿದರೆ ಗೇನ್‌ನಿಂದ ಭಾಗವಾಗಿ ಮಾಯವಾಗುತ್ತದೆ. ಐಪಿ3 ಚೆನ್ನಾಗಿರುವ ಚಿಪ್ ಆರಿಸಿದ್ದರೆ ಹಿಂದೆ ಹಾಕಲು ಧೈರ್ಯವಾಗಿ ಮುಂದುವರಿಯಿರಿ. ಟವರು ತೀರ ಎದುರಿಗೇ ಇದ್ದರೆ ಮಾತ್ರ ಮುಂದೆ ಹಾಕಿ, ಎರಡು ಡಿಬಿ ನಷ್ಟವನ್ನು ಸಹಿಸಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಅವಳಿ ನಗರದ ಒಳಗಿರುವವರಿಗೆ 0.2 ಡಿಬಿ ನಾಯ್ಸ್ ಫಿಗರ್ ಉಳಿಸುವುದಕ್ಕಿಂತ ಒಂದು ಒಳ್ಳೆಯ ಫಿಲ್ಟರ್ ಕೊಳ್ಳುವುದು ಜಾಣತನ. ಕಲಘಟಗಿಯ ಹೊಲದಲ್ಲಿ ಮನೆಯಿದ್ದವರ ಲೆಕ್ಕ ಬೇರೆ.

ಧಾರವಾಡದಲ್ಲಿದ್ದೇನೆ. ಎಲ್ಲಿ ಟ್ಯೂನ್ ಮಾಡಿದರೂ ಆಕಾಶವಾಣಿಯೇ ಕೇಳಿಸುತ್ತದೆ!

ಆಕಾಶವಾಣಿ ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್, 200 ಕಿಲೋವಾಟ್ ಸಾಮರ್ಥ್ಯದ ಪ್ರಸಾರ. ಹತ್ತಿರ ಇರುವವರ ಉದ್ದನೆಯ ತಂತಿ ಆಂಟೆನಾ ಅದನ್ನು ಬೇಡವೆಂದರೂ ಹಿಡಿಯುತ್ತದೆ. ಚಿಪ್ 50 ಮೆಗಾಹರ್ಟ್ಸ್‌ನಿಂದ ಮೇಲೆ ಎಂದು ಬರೆದಿದ್ದರೂ ಅದರ ಕೆಳಗೆ ಅದು ಸತ್ತಿರುವುದಿಲ್ಲ.

ಬೋರ್ಡಿನ ಇನ್‌ಪುಟ್ ಕೆಪಾಸಿಟರ್ ನೋಡಿ. ಕೆಲವು ಅಗ್ಗದ ಬೋರ್ಡ್‌ಗಳಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿರುತ್ತಾರೆ. 765 ಕಿಲೋಹರ್ಟ್ಸ್‌ನಲ್ಲಿ ಅದು ಬರೀ 2 ಓಮ್, ಅಂದರೆ ಬಾಗಿಲೇ ಇಲ್ಲ. ಅದನ್ನು ಕಿತ್ತು 100 ಪಿಕೋಫ್ಯಾರಡ್ ಹಾಕಿ. ಈಗ 765 ಕಿಲೋಹರ್ಟ್ಸ್‌ನಲ್ಲಿ ಸುಮಾರು 2,080 ಓಮ್. 50 ಓಮ್ ವ್ಯವಸ್ಥೆಯಲ್ಲಿ ಹೆಚ್ಚುಕಡಿಮೆ 26 ಡಿಬಿ ತಡೆ. 137 ಮೆಗಾಹರ್ಟ್ಸ್‌ನಲ್ಲಿ ಅದೇ ಕೆಪಾಸಿಟರ್ 12 ಓಮ್ ಕೂಡ ಇಲ್ಲ, ನಷ್ಟ ಲೆಕ್ಕಕ್ಕೆ ಬಾರದು. ಔಟ್‌ಪುಟ್‌ನ ಕೆಪಾಸಿಟರನ್ನೂ ಹಾಗೇ ಬದಲಿಸಿ. ಎರಡು ಸಣ್ಣ ಬಿಡಿಭಾಗಗಳ ಖರ್ಚಿನಲ್ಲಿ ಮನೆಗೆ ನಿಶ್ಶಬ್ದ ಬರುತ್ತದೆ. ಆಮೇಲೆ ಆಕಾಶವಾಣಿಯನ್ನು ಬೇಕಾದಾಗ ರೇಡಿಯೊದಲ್ಲೇ ಕೇಳಬಹುದು.

ಕೊನೆಗೆ ಯಾವ ಚಿಪ್ ಕೊಳ್ಳಲಿ?

ಎಸ್‌ಪಿಎಫ್‌5189ಝಡ್: 5 ವೋಲ್ಟ್, 90 ಮಿಲಿಆಂಪಿಯರ್, 900 ಮೆಗಾಹರ್ಟ್ಸ್‌ನಲ್ಲಿ ನಾಯ್ಸ್ ಫಿಗರ್ 0.6 ಡಿಬಿ, ಗೇನ್ ಸುಮಾರು 19 ಡಿಬಿ. ಸಿದ್ಧ ಬೋರ್ಡ್‌ಗಳಲ್ಲಿ ಎಲ್ಲೆಡೆ ಕಾಣುವುದು ಇದೇ. ಎಸ್‌ಒಟಿ-89 ಮೈಕಟ್ಟು (ಪ್ಯಾಕೇಜ್), ಮೂರು ಕಾಲು, ಕೆಳಗೆ ಅಗಲವಾದ ನೆಲದ (ಗ್ರೌಂಡ್) ಪಟ್ಟಿ. ಸಾಧಾರಣ ಬೆಸುಗೆ ಕಡ್ಡಿಯಿಂದಲೇ ಹಾಕಬಹುದು. ಮೊದಲ ಬಾರಿಗೆ ಮಾಡುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನು.

ಪಿಜಿಎ-103+ ಅದರ ಜೊತೆಗಾರ, ಅದೇ ಮೈಕಟ್ಟು, 5 ವೋಲ್ಟ್‌ನಲ್ಲಿ 97 ಮಿಲಿಆಂಪಿಯರ್. ಐಪಿ3 ಇನ್ನೂ ಚೆನ್ನಾಗಿದೆ, 3 ವೋಲ್ಟ್‌ನಲ್ಲೂ ಓಡುತ್ತದೆ. ಟವರಿನ ಎದುರು ಮನೆಯವರು ಇದನ್ನು ನೋಡಿ. ಬ್ಯಾಟರಿ ಮೇಲೆ ಓಡಿಸುವವರಿಗೆ ಪಿಎಸ್‌ಎ4-5043+ ಹಿತ: 3 ವೋಲ್ಟ್‌ನಲ್ಲಿ ಮೂವತ್ತು ಚಿಲ್ಲರೆ ಮಿಲಿಆಂಪಿಯರ್ ಸಾಕು. ಆದರೆ ಮೈಕಟ್ಟು ಬಲು ಸಣ್ಣದು, ಭೂತಗನ್ನಡಿ ಬೇಕು.

ಜಲಜನಕ ರೇಖೆಯ ಹುಚ್ಚು ಹತ್ತಿದವರಿಗೆ ಕ್ಯೂಪಿಎಲ್‌9547 ಇದೆ, 1.9 ಗಿಗಾಹರ್ಟ್ಸ್ ಬಳಿ 0.3 ಡಿಬಿ. ಅದರ ಕಾಲುಗಳು ಹೊಟ್ಟೆಯ ಕೆಳಗಿವೆ, ಬಿಸಿಗಾಳಿ ಅಥವಾ ಬಿಸಿ ತಟ್ಟೆಯಿಲ್ಲದೆ ಬೆಸೆಯಲು ಬರುವುದಿಲ್ಲ. ಹಳೆಯ ಎಂಎಆರ್-6, ಇಆರ್‌ಎ-3 ಜಾತಿಯ ಚಿಪ್‌ಗಳ ನಾಯ್ಸ್ ಫಿಗರ್ ಎರಡರಿಂದ ನಾಲ್ಕು ಡಿಬಿ. ಮೊದಲ ಹಂತಕ್ಕೆ ಬೇಡ, ಎರಡನೆಯ ಹಂತಕ್ಕೆ ಯಾವ ತಕರಾರೂ ಇಲ್ಲ.

ಜಿಪಿಎಸ್‌ಗೆ ಹುಡುಕುತ್ತಿದ್ದರೆ ನಿಲ್ಲಿ. ಕಾಂತದ ತಳವಿರುವ ಆ ಚೌಕಾಕಾರದ ಆಂಟೆನಾ ಒಳಗೆ ಎಲ್‌ಎನ್‌ಎ ಮೊದಲೇ ಇರುತ್ತದೆ.

50 ಮೆಗಾಹರ್ಟ್ಸ್‌ನಿಂದ 4 ಗಿಗಾಹರ್ಟ್ಸ್ ಎಂದಿದೆ. ಒಂದೇ ಬೋರ್ಡ್ ಎಲ್ಲಕ್ಕೂ ನಡೆಯುತ್ತದೆಯೇ?

ಚಿಪ್ ನಡೆಯುತ್ತದೆ, ಬೋರ್ಡ್ ನಡೆಯದೆ ಇರಬಹುದು. ಚಿಪ್‌ಗೆ ವಿದ್ಯುತ್ ಹೋಗುವುದು ಔಟ್‌ಪುಟ್ ಕಾಲಿನಿಂದಲೇ, ಒಂದು ಚೋಕ್ (ಇಂಡಕ್ಟರ್ ಸುರುಳಿ) ಮೂಲಕ. ಆ ಚೋಕ್ ನಿಮ್ಮ ಆವರ್ತನದಲ್ಲಿ ಕನಿಷ್ಠ 500 ಓಮ್‌ನಷ್ಟಾದರೂ ತಡೆ ಒಡ್ಡಬೇಕು. 100 ಮೆಗಾಹರ್ಟ್ಸ್‌ಗೆ 820 ನ್ಯಾನೋಹೆನ್ರಿ ಬೇಕು, 1 ಗಿಗಾಹರ್ಟ್ಸ್‌ಗೆ 100 ನ್ಯಾನೋಹೆನ್ರಿ ಸಾಕು. ದೊಡ್ಡದನ್ನೇ ಹಾಕಿಬಿಡೋಣ ಎಂದರೆ, ದೊಡ್ಡ ಚೋಕ್ ತನ್ನ ಸ್ವಂತ ಅನುರಣನ ದಾಟಿದ ಮೇಲೆ ಕೆಪಾಸಿಟರ್‌ನಂತೆ ವರ್ತಿಸತೊಡಗುತ್ತದೆ. ಎರಡೂ ಬೇಕಾದವರು ಚಿಪ್ ಕಡೆಗೆ ಸಣ್ಣ ಚೋಕ್, ಅದರ ಹಿಂದೆ ದೊಡ್ಡದು ಅಥವಾ ಫೆರೈಟ್ ಮಣಿ ಸರಣಿಯಲ್ಲಿ ಹಾಕುತ್ತಾರೆ. ಒಂದೇ ಆವರ್ತನ ಕೇಳುವವರು ಅದಕ್ಕೆ ತಕ್ಕ ಒಂದೇ ಚೋಕ್ ಹಾಕಿ ನೆಮ್ಮದಿಯಾಗಿರಿ.

ಬೋರ್ಡ್ ನಾನೇ ಮಾಡುತ್ತೇನೆ. ಏನು ಗಮನಿಸಬೇಕು?

ನೆಲ. ಚಿಪ್‌ನ ನಡುಗಾಲಿನ ಕೆಳಗೆ ಎಷ್ಟು ರಂಧ್ರಗಳು ಹಿಡಿಸುತ್ತವೋ ಅಷ್ಟು ವಯಾ (ಬೋರ್ಡಿನ ಎರಡು ಬದಿಯ ತಾಮ್ರವನ್ನು ಜೋಡಿಸುವ ರಂಧ್ರ) ಹಾಕಿ ಹಿಂಬದಿಯ ತಾಮ್ರಕ್ಕೆ ಜೋಡಿಸಿ. 1.6 ಮಿಲಿಮೀಟರ್ ಬೋರ್ಡಿನ ಒಂದು ವಯಾ ಸುಮಾರು 1 ನ್ಯಾನೋಹೆನ್ರಿ. 4 ಗಿಗಾಹರ್ಟ್ಸ್‌ನಲ್ಲಿ ಅದು 25 ಓಮ್. ನೆಲ ಎಂದು ನೀವು ತಿಳಿದ ಜಾಗ ಅಲ್ಲಿ ನೆಲವೇ ಅಲ್ಲ. ಕಾಲೇಜಿನ ಪ್ರಯೋಗಾಲಯದಲ್ಲೋ ಮನೆಯಲ್ಲೋ ತಾಮ್ರ ಕೊರೆದು ಮಾಡುವವರು ರಂಧ್ರ ಕೊರೆದು ತಂತಿ ತೂರಿಸಿ ಎರಡೂ ಬದಿ ಬೆಸೆಯಬೇಕು. ಬೇಸರದ ಕೆಲಸ, ಬಿಡುವಂತಿಲ್ಲ.

50 ಓಮ್ ಗೆರೆಯ ಅಗಲ ಎಫ್‌ಆರ್‌4 ಬೋರ್ಡ್ 1.6 ಮಿಲಿಮೀಟರ್ ದಪ್ಪವಿದ್ದರೆ ಸುಮಾರು 3 ಮಿಲಿಮೀಟರ್, 0.8 ದಪ್ಪವಿದ್ದರೆ 1.5. ತೆಳ್ಳಗಿನ ಬೋರ್ಡ್ ಆರಿಸಿ: ಗೆರೆಯೂ ಚಿಪ್ ಕಾಲಿನ ಅಗಲಕ್ಕೆ ಹತ್ತಿರ ಬರುತ್ತದೆ, ವಯಾ ಕೂಡ ಗಿಡ್ಡವಾಗುತ್ತದೆ. ಬ್ರೆಡ್‌ಬೋರ್ಡ್ ಮೇಲೆ ಮಾಡಬಹುದೇ ಎಂದು ಪ್ರತಿ ವರ್ಷ ಹೊಸ ಬ್ಯಾಚ್ ಕೇಳುತ್ತದೆ. ಬಾರದು.

ಆಂಟೆನಾ ಇಲ್ಲದೆಯೂ ಪರದೆಯ ಮೇಲೆ ಅಲೆದಾಡುವ ಸಂಕೇತ ಕಾಣುತ್ತಿದೆ. ಕೈ ಹತ್ತಿರ ಒಯ್ದರೆ ಜಾಗ ಬದಲಿಸುತ್ತದೆ.

ಚಿಪ್ ಆಂದೋಲನಕ್ಕೆ ಬಿದ್ದಿದೆ, ಆ್ಯಂಪ್ಲಿಫೈಯರ್ ಹೋಗಿ ಪ್ರಸಾರ ಕೇಂದ್ರವಾಗಿದೆ. ನೀವು ಕೇಳುವುದು 137 ಮೆಗಾಹರ್ಟ್ಸ್ ಆದರೂ ಅದು ನಿಮ್ಮ ಡಾಂಗಲ್‌ಗೆ ಕಾಣದ ಗಿಗಾಹರ್ಟ್ಸ್‌ಗಳಲ್ಲಿ ಹಾಡುತ್ತಿರಬಹುದು. ಆಗ ಕಾಣುವ ಲಕ್ಷಣ, ಡೇಟಾಶೀಟ್‌ಗೆ ತಾಳೆಯಾಗದ ಕರೆಂಟು ಮತ್ತು ವಿಚಿತ್ರವಾಗಿ ಕುಸಿದ ಗೇನ್. ಮೊದಲು ನೆಲದ ವಯಾ ಹೆಚ್ಚಿಸಿ. ಆಮೇಲೆ ಔಟ್‌ಪುಟ್ ಗೆರೆಯಲ್ಲಿ 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ ನೋಡಿ. ಡಬ್ಬಿಯ ಮುಚ್ಚಳ ಮುಚ್ಚಿದಾಗ ಮಾತ್ರ ಶುರುವಾದರೆ ಡಬ್ಬಿಯೇ ಅನುರಣಿಸುತ್ತಿದೆ, ಮುಚ್ಚಳದ ಒಳಗೆ ಆರ್‌ಎಫ್ ಹೀರುವ ಹಾಳೆ ಅಂಟಿಸಬೇಕು.

ವಿದ್ಯುತ್ ಹೇಗೆ ಕೊಡಲಿ?

ಕೋಆಕ್ಸಿಯಲ್ ಕೇಬಲ್ ಮೂಲಕವೇ, ಬಯಾಸ್ ಟೀ (ಸಂಕೇತ ಬರುವ ಕೇಬಲ್‌ನಲ್ಲೇ ವಿದ್ಯುತ್ ಕಳಿಸುವ ಮಂಡಲ) ಬಳಸಿ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ3 ಡಾಂಗಲ್‌ನಲ್ಲಿ ಇದು ಒಳಗೇ ಇದೆ: 4.5 ವೋಲ್ಟ್, ಹೆಚ್ಚೆಂದರೆ 180 ಮಿಲಿಆಂಪಿಯರ್. ಒಂದು ಚಿಪ್‌ಗೆ ಸಾಕು. ಎರಡು ಪಿಜಿಎ-103+ ಹಾಕಿದರೆ 5 ವೋಲ್ಟ್‌ನ ಲೆಕ್ಕದಲ್ಲಿ 194 ಆಗುತ್ತದೆ, ಮಿತಿಯ ತುದಿಯಲ್ಲಿ ಜೂಜಾಡಬೇಡಿ.

ಪ್ರತ್ಯೇಕವಾಗಿ ಕೊಡುವವರು ಮೊಬೈಲ್ ಚಾರ್ಜರಿನಿಂದ ನೇರವಾಗಿ ಕೊಡಬೇಡಿ. ಅದರ ಸ್ವಿಚಿಂಗ್ ಗದ್ದಲ ಸಂಕೇತದ ಅಕ್ಕಪಕ್ಕದಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. 9 ವೋಲ್ಟ್ ಅಡಾಪ್ಟರ್, ಅದರ ಮುಂದೆ 7805 ಅಥವಾ ಕಡಿಮೆ ಗದ್ದಲದ ಎಲ್‌ಡಿಒ ರೆಗ್ಯುಲೇಟರ್ ಇಡಿ. ಸಣ್ಣ 78ಎಲ್05 ಮಿತಿ 100 ಮಿಲಿಆಂಪಿಯರ್. 90 ಎಳೆಯುವ ಚಿಪ್‌ಗೆ ಅದು ಏದುಸಿರು ಬಿಡುತ್ತದೆ. ಚೋಕ್‌ನ ಬುಡದಲ್ಲಿ 100 ಪಿಕೋ, 1 ನ್ಯಾನೋ, 0.1 ಮೈಕ್ರೋ ಮೂರೂ ಕೆಪಾಸಿಟರ್ ಇರಲಿ, ಸಣ್ಣದು ಚಿಪ್‌ಗೆ ಹತ್ತಿರ.

ಒಂದು ಎಚ್ಚರಿಕೆ: ಮಾಳಿಗೆಯ ಮೇಲೆ ಹಳೆಯ ಡಿಶ್ ಕೇಬಲ್ ಹೇಗೂ ಇದೆ ಎಂದು ಅದಕ್ಕೇ ಎಲ್‌ಎನ್‌ಎ ಸಿಕ್ಕಿಸುವವರಿದ್ದಾರೆ. ಕೇಬಲ್‌ನ ಇನ್ನೊಂದು ತುದಿ ಸೆಟ್‌ಟಾಪ್ ಬಾಕ್ಸಿನಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಾಕ್ಸ್ ಆ ತಂತಿಗೆ 13 ಅಥವಾ 18 ವೋಲ್ಟ್ ಕೊಡುತ್ತದೆ. 5 ವೋಲ್ಟ್ ಚಿಪ್ ಹೊಗೆ ಕೂಡ ಬಿಡದೆ ಸಾಯುತ್ತದೆ.

ಮಳೆ, ಸಿಡಿಲು, ಬಿಸಿಲು?

ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆ ಈ ಚಿಪ್‌ಗಳ ದೊಡ್ಡ ಶತ್ರು. ನೇರ ಸಿಡಿಲಿಗೆ ಯಾವ ಬಿಡಿಭಾಗವೂ ಉತ್ತರವಲ್ಲ. ಮೋಡ ಕಟ್ಟಿದಾಗ ಕೇಬಲ್ ಕಳಚಿ ಮನೆಯ ಹೊರಗಿಡಿ. ದೂರದ ಸಿಡಿಲು ಮತ್ತು ಒಣ ಗಾಳಿಯಿಂದ ಆಂಟೆನಾ ಮೇಲೆ ಸೇರುವ ಸ್ಥಾಯೀ ವಿದ್ಯುತ್ತಿಗೆ ಮಾತ್ರ ಉಪಾಯವಿದೆ: ಇನ್‌ಪುಟ್‌ನಿಂದ ನೆಲಕ್ಕೆ ಒಂದು ಇಂಡಕ್ಟರ್. 137 ಮೆಗಾಹರ್ಟ್ಸ್‌ಗೆ 470 ನ್ಯಾನೋಹೆನ್ರಿ, 1 ಗಿಗಾಹರ್ಟ್ಸ್‌ಗೆ 47. ಸಂಕೇತಕ್ಕೆ ನೂರಾರು ಓಮ್ ತಡೆ, ಸ್ಥಾಯೀ ವಿದ್ಯುತ್ತಿಗೆ ನೇರ ದಾರಿ. ಅದು ಕೆಪಾಸಿಟರಿನ ಆಂಟೆನಾ ಬದಿಯಲ್ಲಿ ಇರಲಿ.

ಡಬ್ಬಿಯನ್ನು ಪೂರ್ತಿ ಮುಚ್ಚಿ ಅಂಟು ಹಾಕಿದರೆ ಒಳಗೆ ಬೆವರು ಕೂಡುತ್ತದೆ. ತಳದಲ್ಲಿ ಒಂದು ಸಣ್ಣ ರಂಧ್ರ ಬಿಡಿ, ಕನೆಕ್ಟರುಗಳಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಹುಬ್ಬಳ್ಳಿಗಿಂತ ಧಾರವಾಡಕ್ಕೆ ಮಳೆ ಜಾಸ್ತಿ, ಅಲ್ಲಿಯವರು ಟೇಪನ್ನು ಇನ್ನೊಂದು ಸುತ್ತು ಹೆಚ್ಚು ಸುತ್ತಿದರೆ ನಷ್ಟವಿಲ್ಲ. ಚಿಪ್ ಸುಮಾರು ಅರ್ಧ ವಾಟ್ ಬಿಸಿ ಹೊರಹಾಕುತ್ತದೆ, ಬಿಸಿ ಏರಿದಂತೆ ಗದ್ದಲವೂ ಏರುತ್ತದೆ. ಡಬ್ಬಿ ಬಿಳಿ ಬಣ್ಣದ್ದಿರಲಿ, ಆಂಟೆನಾದ ನೆರಳಿನಲ್ಲಿರಲಿ.

ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಇದನ್ನು ಹಾಕಿದರೆ ಸಿಗುತ್ತದೆಯೇ?

ಇಲ್ಲ. ಎಲ್‌ಎನ್‌ಎ ಒಂದೇ ದಿಕ್ಕಿನ ದಾರಿ. ಮೊಬೈಲು ಟವರಿನ ಮಾತು ಕೇಳಿದರೆ ಸಾಲದು, ತಾನೂ ಮಾತಾಡಿ ಅಲ್ಲಿಗೆ ಮುಟ್ಟಬೇಕು. ಎರಡೂ ಕಡೆ ವರ್ಧಿಸುವ ಬೂಸ್ಟರುಗಳನ್ನು ಅನುಮತಿಯಿಲ್ಲದೆ ಹಾಕುವುದು ಕಾನೂನುಬಾಹಿರ, ಊರಿನ ಉಳಿದವರ ಸಿಗ್ನಲ್ಲೂ ಕೆಡುತ್ತದೆ.

ಹ್ಯಾಮ್ ಪರವಾನಗಿ ಇದೆ. 144–146 ಮೆಗಾಹರ್ಟ್ಸ್‌ನಲ್ಲಿ ಅದೇ ಆಂಟೆನಾದಿಂದ ಪ್ರಸಾರವನ್ನೂ ಮಾಡಬಹುದೇ?

ನಡುವೆ ರಿಲೇ ಇಟ್ಟು, ಪ್ರಸಾರದ ಹೊತ್ತಿಗೆ ಎಲ್‌ಎನ್‌ಎಯನ್ನು ಪೂರ್ತಿ ಬದಿಗೆ ಸರಿಸಿದರೆ ಮಾತ್ರ. 5 ವಾಟ್ ವಾಕಿಟಾಕಿ ಒಮ್ಮೆ ಒತ್ತಿದರೂ ಚಿಪ್ ಮುಗಿದಂತೆ. ರಿಲೇ ಮೊದಲು ತಿರುಗಿ, ಆಮೇಲೆ ಪ್ರಸಾರ ಶುರುವಾಗುವ ಹಾಗೆ ವಿಳಂಬ ಇರಬೇಕು.

ಆನ್‌ಲೈನ್‌ನಲ್ಲಿ ಬಂದ ಅಗ್ಗದ ಬೋರ್ಡಿನ ಮೇಲಿರುವುದು ಅಸಲಿ ಚಿಪ್ಪೇ?

ಮೊದಲು ಕರೆಂಟ್ ಅಳೆಯಿರಿ. ಎಸ್‌ಪಿಎಫ್‌5189ಝಡ್ 5 ವೋಲ್ಟ್‌ನಲ್ಲಿ 90 ಮಿಲಿಆಂಪಿಯರ್ ಹತ್ತಿರ ಎಳೆಯಬೇಕು. 30 ಎಳೆದರೆ ಅದು ಬೇರೆ ಯಾವುದೋ. ಆಮೇಲೆ ಬೇರೆ ಬೇರೆ ಆವರ್ತನದಲ್ಲಿ ಗೇನ್ ನೋಡಿ: 900 ಮೆಗಾಹರ್ಟ್ಸ್‌ನಲ್ಲಿ 19ರ ಹತ್ತಿರ, 2 ಗಿಗಾಹರ್ಟ್ಸ್‌ನಲ್ಲಿ 12ರ ಆಸುಪಾಸು.

ನ್ಯಾನೊವಿಎನ್‌ಎಯಿಂದ (ಆವರ್ತನಕ್ಕೆ ತಕ್ಕಂತೆ ಗೇನ್ ಅಳೆಯುವ ಪುಟ್ಟ ಉಪಕರಣ) ಅಳೆಯುವವರು ಎಲ್‌ಎನ್‌ಎಯ ಮುಂದೆ 20 ಅಥವಾ 30 ಡಿಬಿ ಅಟೆನ್ಯುಯೇಟರ್ ಇಟ್ಟು, ಅದನ್ನು ಸೇರಿಸಿಯೇ ಕ್ಯಾಲಿಬ್ರೇಟ್ ಮಾಡಿ. ಹಳೆಯ ಮಾದರಿಯ ನ್ಯಾನೊವಿಎನ್‌ಎ 300 ಮೆಗಾಹರ್ಟ್ಸ್ ದಾಟಿದ ಮೇಲೆ ತನ್ನ ಚೌಕ ತರಂಗದ ಹಾರ್ಮೋನಿಕ್ ಬಳಸುತ್ತದೆ. ನೀವು 900 ಅಳೆಯುತ್ತಿದ್ದೇನೆ ಎಂದುಕೊಂಡಾಗ ಚಿಪ್‌ಗೆ ಅದಕ್ಕಿಂತ ಎಷ್ಟೋ ಬಲವಾದ 300 ಮೆಗಾಹರ್ಟ್ಸ್ ಸಂಕೇತವೂ ಬಡಿಯುತ್ತಿರುತ್ತದೆ. ಅಟೆನ್ಯುಯೇಟರ್ ಇಲ್ಲದಿದ್ದರೆ ಚಿಪ್ ಉಸಿರುಕಟ್ಟಿ ಗೇನ್ ಕಡಿಮೆ ತೋರಿಸುತ್ತದೆ, ನೀವು ಅಸಲಿ ಚಿಪ್ಪನ್ನೇ ನಕಲಿ ಎಂದು ಬೈಯುತ್ತೀರಿ.

ನಾಯ್ಸ್ ಫಿಗರ್ ಅಳೆಯಲು ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಕಂತೆ. ಮನೆಯಲ್ಲಿ ಸಾಧ್ಯವೇ?

ಅಂದಾಜಿಗೆ ಆಕಾಶ ಮತ್ತು ನೆಲ ಸಾಕು. 1420 ಮೆಗಾಹರ್ಟ್ಸ್‌ನ ಹಾರ್ನ್ ಆಂಟೆನಾ, ಎಲ್‌ಎನ್‌ಎ, ಫಿಲ್ಟರ್, ಡಾಂಗಲ್ ಜೋಡಿಸಿ ಮಾಳಿಗೆಗೆ ಒಯ್ಯಿರಿ. ಸ್ವಯಂಚಾಲಿತ ಗೇನ್ ಬಂದ್ ಇರಲಿ. ಚಿಪ್ ಬಿಸಿಯಾಗಿ ನೆಲೆಗೊಳ್ಳಲು ಹತ್ತು ನಿಮಿಷ ಬಿಡಿ. ಹಾರ್ನ್ ಬಾಯಿಯನ್ನು ನೆತ್ತಿಯ ಕಡೆ ತಿರುಗಿಸಿ ಮಟ್ಟ ಬರೆದುಕೊಳ್ಳಿ. ಆಕಾಶಗಂಗೆಯ ಪಟ್ಟೆ ನೆತ್ತಿಯ ಮೇಲಿಲ್ಲದ ಹೊತ್ತು ನೋಡಿಕೊಳ್ಳಿ. ಈಗ ಅದೇ ಹಾರ್ನನ್ನು ಬೋರಲು ಹಾಕಿ, ಬಾಯಿ ಪೂರ್ತಿ ಮಣ್ಣಿನ ನೆಲಕ್ಕೆ ಮುಖ ಮಾಡಲಿ. ಕಾಂಕ್ರೀಟ್ ಮಾಳಿಗೆಯೂ ನಡೆಯುತ್ತದೆ, ತಗಡಿನ ಶೀಟು ನಡೆಯುವುದಿಲ್ಲ, ಅದು ಆಕಾಶವನ್ನೇ ಪ್ರತಿಫಲಿಸುತ್ತದೆ. ಮತ್ತೆ ಮಟ್ಟ ಬರೆದುಕೊಳ್ಳಿ.

ನೆಲ ಸುಮಾರು 290 ಕೆಲ್ವಿನ್. ನೆತ್ತಿಯ ಆಕಾಶಕ್ಕೆ, ಹಾರ್ನ್ ಅಂಚಿನಿಂದ ಸೋರಿ ಬರುವ ನೆಲದ ಬಿಸಿಯನ್ನೂ ಸೇರಿಸಿ, 30 ಎಂದಿಟ್ಟುಕೊಳ್ಳಿ. ನಿಮ್ಮ ರಿಸೀವರಿನ ನಾಯ್ಸ್ ಫಿಗರ್ 0.5 ಡಿಬಿ ಇದ್ದರೆ ಎರಡು ಮಟ್ಟಗಳ ವ್ಯತ್ಯಾಸ 7 ಡಿಬಿ ಬರಬೇಕು. 1 ಡಿಬಿ ಇದ್ದರೆ 5.4. ಮೂರು ಡಿಬಿಗಿಂತ ಕಡಿಮೆ ಬಂದರೆ ಚಿಪ್ಪನ್ನು ಶಂಕಿಸುವ ಮೊದಲು ಹಾರ್ನ್ ಮತ್ತು ಎಲ್‌ಎನ್‌ಎ ನಡುವಿನ ಕನೆಕ್ಟರ್ ಬಿಚ್ಚಿ ನೋಡಿ, ನಡುವೆ ಗೇಣುದ್ದದ ತೆಳ್ಳಗಿನ ಕೇಬಲ್ ತುಂಡು ಇದ್ದರೆ ಅದನ್ನು ಕಿತ್ತುಹಾಕಿ ನೇರವಾಗಿ ಜೋಡಿಸಿ, ಮತ್ತೊಮ್ಮೆ ಅಳೆಯಿರಿ.